ನಾನು ಕೇಳದೆ ಬರೆದ ಉತ್ತರ

ಗುಲಾಬಿಯ ಅರ್ಜಿಯಲ್ಲಿ, ತಂಬಾಕು ಸೇವಿಸುತ್ತೀರಾ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಗುರುತು ಹಾಕಿದವಳು ನಾನು. ಅವಳು ಹಾಗೆ ಹೇಳಿರಲಿಲ್ಲ. ಹೇಳುವುದಿರಲಿ, ನಾನು ಅವಳನ್ನು ಕೇಳಿಯೇ ಇರಲಿಲ್ಲ. ನಾನು ಕೇಳಿದೆ, ಅವಳು ಇಲ್ಲ ಅಂದಳು — ಹೀಗೆಂದು ಕಂಪನಿಯ ಕಡತದಲ್ಲಿದೆ, ಅದರ ಕೆಳಗೆ ಗುಲಾಬಿಯ ಸಹಿಯೂ ಇದೆ. ಆದರೂ ಅದು ಸುಳ್ಳು. ಸುಳ್ಳು ಎಂದು ಗೊತ್ತಿದ್ದವರು ನಾವಿಬ್ಬರೇ, ಇಬ್ಬರೂ ಹತ್ತಿರ ಹತ್ತಿರ ಒಂದು ವರ್ಷ ಬಾಯಿ ಬಿಡಲಿಲ್ಲ. ಅವಳು ಯಾಕೆ ಸುಮ್ಮನಿದ್ದಳೋ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ನಾನು ಯಾಕೆ ಸುಮ್ಮನಿದ್ದೆ — ಅದೂ ಅರ್ಥವಾಗಿಲ್ಲ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ.

ನಾನು ಆರೋಗ್ಯ ವಿಮೆಯ ಏಜೆಂಟ್. ಹೆಸರು ವಿಮಲಾ. ಹೊಸನಗರದಲ್ಲಿ ಮನೆ, ಇಡೀ ದಿನ ಸ್ಕೂಟಿಯ ಮೇಲೆ. ಹನ್ನೆರಡು ವರ್ಷದಿಂದ ಸಾಗರಕ್ಕೂ ತೀರ್ಥಹಳ್ಳಿಗೂ ಓಡಾಡಿಕೊಂಡು ಇದೇ ಕೆಲಸ ಮಾಡುತ್ತಿದ್ದೇನೆ. ಕಾರ್ಗಲ್ಲಿನ ವಿದ್ಯುತ್ ನಿಗಮದ ಕ್ವಾರ್ಟರ್ಸ್ ಕಡೆ ಹೋದರೆ ನನ್ನ ಮಾತು ನಡೆಯುವುದಿಲ್ಲ. ಅಲ್ಲಿ ನೌಕರಿಯಲ್ಲಿರುವವರು, ಆಸ್ಪತ್ರೆ ಖರ್ಚನ್ನು ನೌಕರಿಯೇ ನೋಡಿಕೊಳ್ಳುತ್ತದೆ. ಟೀ ಕೊಟ್ಟು ಕಳಿಸುತ್ತಾರೆ. ನನ್ನ ಗಿರಾಕಿಗಳೆಲ್ಲ ಸ್ವಂತ ದುಡಿಮೆಯವರು. ಸಾಗರದ ಗ್ಯಾರೇಜಿನವನು, ತೀರ್ಥಹಳ್ಳಿಯ ಬ್ಯೂಟಿ ಪಾರ್ಲರ್‌ನವಳು, ಮದುವೆಗಳಿಗೆ ಶಾಮಿಯಾನ ಹಾಕುವವರು, ಫೋಟೊ ತೆಗೆಯುವವರು. ಅವರಿಗೆ ನಾನು ಹೇಳುವ ಮಾತು ಒಂದೇ — ನಿಮಗೆ ಹುಷಾರು ತಪ್ಪಿದರೆ ಎರಡು ಪೆಟ್ಟು, ಆಸ್ಪತ್ರೆಗೆ ಕೊಡುವುದೊಂದು, ಅಂಗಡಿ ಮುಚ್ಚಿದ್ದೊಂದು. ಈ ಮಾತು ನಿಜ. ನನ್ನ ಬಾಯಲ್ಲಿ ಬಂದ ನಿಜಗಳನ್ನೂ ಇಲ್ಲಿ ಸ್ವಲ್ಪ ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಬೇಕಾದೀತು.

ಇನ್ನೊಂದು ನಿಜವನ್ನು ನಾನು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಸಂಬಳದವರ ವಿಮೆಯಲ್ಲಿ ಕೆಲಸ ಕೊಟ್ಟವರೂ ಪಾಲು ಹಾಕುತ್ತಾರೆ, ನೂರಾರು ಜನ ಒಟ್ಟಿಗಿರುವುದರಿಂದ ದರವೂ ಇಳಿಯುತ್ತದೆ. ಒಬ್ಬೊಬ್ಬರೇ ಹೋಗಿ ಕೊಳ್ಳುವ ಟೈಲರ್, ಡ್ರೈವರ್, ನನ್ನಂಥ ಏಜೆಂಟ್ — ನಮಗೆ ಪೂರ್ತಿ ದರ, ಆಗ ಅದರ ಮೇಲೆ ಜಿಎಸ್‌ಟಿ ಬೇರೆ. ವಯಸ್ಸು ಒಂದು ಮೆಟ್ಟಿಲು ಹತ್ತಿದರೆ ಕಂತು ಎರಡು ಮೆಟ್ಟಿಲು ಹತ್ತುತ್ತದೆ. ನನ್ನ ಸ್ವಂತ ಕಂತು ಕಟ್ಟುವ ತಿಂಗಳು ನಾನು ಯಾರ ಮನೆಯ ಮದುವೆಗೂ ಹೋಗುವುದಿಲ್ಲ. ಮುಯ್ಯಿಗೆ ಗತಿ ಇರುವುದಿಲ್ಲ.

ಗುಲಾಬಿಯದು ಹುಂಚದಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಕೋಣೆಯ ಟೈಲರ್ ಅಂಗಡಿ. ಜೈನ ಮಠಕ್ಕೆ ಬಂದವರು ಇಳಿದ ಕೂಡಲೆ ಕಾಣುವ ಬಾಗಿಲೇ ಅವಳದ್ದು. ಬ್ಲೌಸು, ಲಂಗ, ಶಾಲೆಯ ಯೂನಿಫಾರ್ಮು. ಅವಳ ಗಂಡ ಮಂಜಪ್ಪನಿಗೆ ಸ್ವಂತದ್ದೊಂದು ಗೂಡ್ಸ್ ಆಟೋ ಇತ್ತು. ಆಟೋ, ಅಂಗಡಿ ಇದ್ದವರೆಂದು ಬಡವರ ಕಾರ್ಡು ಸಿಗಲಿಲ್ಲ. ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆಯ ಸಣ್ಣ ಪಾಲಷ್ಟೇ ಸಿಕ್ಕೀತು. ಶ್ರೀಮಂತರೆಂದು ಕಾರ್ಡಿನಲ್ಲಿ ಮಾತ್ರ ಇತ್ತು. ಹದಿನೈದು ವರ್ಷದಿಂದ ನನ್ನ ಬ್ಲೌಸೆಲ್ಲ ಅವಳೇ ಹೊಲಿದದ್ದು. ನನಗೆ ಅವಳು ಗಿರಾಕಿಯಾಗುವ ಮೊದಲೇ ಗೆಳತಿ. ಇದನ್ನು ಬರೆಯುವಾಗಲೇ ಕೈ ನಿಲ್ಲುತ್ತದೆ — ಗೆಳತಿಯಾಗಿದ್ದರೆ... ಇರಲಿ.

ಅವಳನ್ನು ಒಪ್ಪಿಸಲು ಮೂರು ಸಲ ಹೋದೆ. ಮೊದಲ ಸಲ ನಕ್ಕಳು. ಎರಡನೇ ಸಲ, ಆ ಕಂತಿಗೆ ಎಷ್ಟು ಬ್ಲೌಸು ಹೊಲಿಯಬೇಕಾಗುತ್ತದೆ ಎಂದು ಬೆರಳು ಮಡಿಸುತ್ತಾ ಹೋಗಿ, ಬೆರಳು ಮುಗಿದ ಮೇಲೆ ಮತ್ತೆ ಮೆಷಿನ್ ತುಳಿಯತೊಡಗಿದಳು. ಮೂರನೇ ಸಲ ಹೋದಾಗ ಆ ಬೀದಿಯಲ್ಲಿ ಒಬ್ಬರಿಗೆ ಹೃದಯದ ಆಪರೇಷನ್ ಆಗಿ ಮನೆಯವರು ಗದ್ದೆ ಮಾರಿದ್ದರು. ಆವತ್ತು ಅವಳೇ ಸ್ಟೂಲು ಎಳೆದು ಕೂರಿಸಿದಳು. ಆದರೆ ಮೊದಲೇ ಹೇಳಿಬಿಟ್ಟಳು, ಇಷ್ಟರ ಮೇಲೆ ಒಂದು ರೂಪಾಯಿ ಹೆಚ್ಚಾದರೂ ಆಗುವುದಿಲ್ಲ, ಮಂಜಪ್ಪ ಒಪ್ಪುವುದಿಲ್ಲ ಎಂದು. ನಾನು ತೋರಿಸಿದ್ದ ದರ ಅದಕ್ಕೆ ಸರಿಯಾಗಿ ಕೂತಿತ್ತು. ಯಾವ ಕಾಯಿಲೆಯೂ ಯಾವ ಚಟವೂ ಇಲ್ಲದವರ ದರ ಅದು.

ನಮ್ಮ ಕಡೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮನೆಗೋ ಅಂಗಡಿಗೋ ಯಾರೇ ಬರಲಿ, ಕುಡಿಯಲಿಕ್ಕೆ ಕೊಟ್ಟ ಮೇಲೆ ಕವಳದ ತಟ್ಟೆ ಮುಂದಿಡುವುದು ನಮ್ಮ ರೂಢಿ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಉಗುರಿನಷ್ಟು ಹೊಗೆಸೊಪ್ಪು, ಅಂದರೆ ತಂಬಾಕಿನ ಎಲೆ. ಬೇಡ ಎಂದರೆ ಬಂದವರಿಗೆ ಏನೋ ಕೋಪ ಎಂದು ಲೆಕ್ಕ. ಹೆಂಗಸರೂ ಹಾಕುತ್ತಾರೆ, ಅಜ್ಜಿಯರಂತೂ ಹಲ್ಲು ಹೋದ ಮೇಲೂ ಕುಟ್ಟಿಕೊಂಡು ಹಾಕುತ್ತಾರೆ. ಚಟ ಎಂದರೆ ಬೀಡಿ, ಚಟ ಎಂದರೆ ಕುಡಿತ. ಕವಳವನ್ನು ಆ ಸಾಲಿನಲ್ಲಿ ಯಾರೂ ಕೂರಿಸುವುದಿಲ್ಲ. ಅದು ಮರ್ಯಾದೆ. ಗುಲಾಬಿ ಮೆಷಿನ್ನಿಗೆ ಕೂತರೆ ಬೆಳಿಗ್ಗೆಯಿಂದ ಸಂಜೆಯವರೆಗೆ ದವಡೆಯಲ್ಲಿ ಒಂದು ಕವಳ ಇದ್ದೇ ಇರುತ್ತಿತ್ತು. ಅಷ್ಟು ವರ್ಷದಲ್ಲಿ ಯಾರ ಬಟ್ಟೆಯ ಮೇಲೂ ಒಂದು ಕೆಂಪು ಹನಿ ಬಿದ್ದದ್ದಿಲ್ಲ, ಅದು ಅವಳ ಹೆಮ್ಮೆ.

ಆವತ್ತೂ ತಟ್ಟೆ ಬಂತು. ಅವಳು ಹಾಕಿದಳು, ನಾನೂ ಹಾಕಿದೆ. ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲೆ ತಟ್ಟೆ, ನನ್ನ ತೊಡೆಯ ಮೇಲೆ ಟ್ಯಾಬು. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ನಾನು ಓದಿ ಕನ್ನಡದಲ್ಲಿ ಕೇಳಬೇಕು, ಅವಳು ಹೇಳಿದ್ದನ್ನು ಒತ್ತಬೇಕು. ಬಿಪಿ ಇದೆಯಾ, ಶುಗರ್ ಇದೆಯಾ, ಯಾವುದಾದರೂ ಆಪರೇಷನ್ ಆಗಿದೆಯಾ — ಬಾಯಲ್ಲಿ ರಸ ತುಂಬಿದವರು ಮುಖ ಮೇಲೆತ್ತಿ ಮಾತಾಡುತ್ತಾರಲ್ಲ, ಹಾಗೆ ಇಬ್ಬರೂ ಮಾಡಿನ ಹೆಂಚಿನ ಕಡೆ ನೋಡುತ್ತಾ ಮಾತಾಡಿದೆವು. ಅವಳು ಎಲ್ಲದಕ್ಕೂ ಪ್ರಾಮಾಣಿಕವಾಗಿ ಉತ್ತರಿಸಿದಳು. ಕೇಳದೇ ಇದ್ದದ್ದನ್ನೂ ಹೇಳಿದಳು, ಬಾಣಂತನದಲ್ಲಿ ಸೊಂಟ ಹಿಡಿದದ್ದು, ಮಳೆಗಾಲದಲ್ಲಿ ಸೀನು. ಆಮೇಲೆ ತಂಬಾಕಿನ ಪ್ರಶ್ನೆ ಬಂತು. ಹೊಗೆಯಾಗಿ ಅಥವಾ ಅಗಿಯುವ ರೂಪದಲ್ಲಿ, ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದೆ. ಮನಸ್ಸಿನಲ್ಲೇ ಓದಿದೆ. ನನ್ನ ನಾಲಿಗೆಯ ಕೆಳಗೆ ಹೊಗೆಸೊಪ್ಪಿನ ಖಾರ ಇನ್ನೂ ಚುರುಗುಟ್ಟುತ್ತಿತ್ತು. ಬೆರಳು ‘ಇಲ್ಲ’ದ ಮೇಲೆ ಹೋಯಿತು.

ಅವಳ ಮೊಬೈಲಿಗೆ ಒಟಿಪಿ ಬಂತು. ಈಗ ಸಹಿ ಎಂದರೆ ಅದೇ. ಆರು ಅಂಕಿಗಳನ್ನು ಅವಳು ಒಂದೊಂದಾಗಿ ಹೇಳಿದಳು, ನಾನು ಒತ್ತಿದೆ. ಮೇಲೆ ಬರೆದದ್ದೆಲ್ಲ ತಾನೇ ಓದಿ ತಿಳಿದು ಹೇಳಿದ್ದು ಎಂದು ಅವಳು ಪ್ರಮಾಣ ಮಾಡಿದಂತಾಯಿತು.

ಯಾಕೆ ಹಾಗೆ ಮಾಡಿದೆ? ಇದಕ್ಕೆ ನಾನು ಎಷ್ಟೋ ಉತ್ತರ ಕೊಟ್ಟುಕೊಂಡಿದ್ದೇನೆ. ಕವಳವೆಂದರೆ ತಂಬಾಕೆಂದು ಹೊಳೆಯಲೇ ಇಲ್ಲ, ನಾನೂ ಇದೇ ಊರಿನವಳಲ್ಲವೇ — ಇದು ಒಂದು. ಆದರೆ ಹೊಳೆಯದಿದ್ದರೆ ಓದಿ ಹೇಳುತ್ತಿದ್ದೆ. ಬಾಯಿ ತುಂಬಿತ್ತು, ಕೇಳಲಾಗಲಿಲ್ಲ — ಇದನ್ನು ಬರೆಯಲೂ ನಾಚಿಕೆ, ಅದರ ಹಿಂದಿನ ಹತ್ತು ಪ್ರಶ್ನೆಗಳನ್ನು ಅದೇ ಬಾಯಲ್ಲಿ ಕೇಳಿದ್ದೆ. ಅವಳ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ, ಹೌದು ಎಂದಿದ್ದರೆ ಕಂತು ಏರುತ್ತಿತ್ತು, ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಓಡಿಸುತ್ತಿದ್ದರು, ಒಂದು ದಿನದ ದುಡಿಮೆ ಹೋಗುತ್ತಿತ್ತು, ಮಂಜಪ್ಪ ಬೇಡವೇ ಬೇಡ ಎನ್ನುತ್ತಿದ್ದ — ಇದರಲ್ಲಿ ನಿಜವಿದೆ. ಎಷ್ಟಿದೆ ಎಂದು ಗೊತ್ತಿಲ್ಲ. ಯಾಕೆಂದರೆ ಆ ತಿಂಗಳು ನನಗೆ ಒಂದು ಪಾಲಿಸಿ ಕಡಿಮೆ ಬಿದ್ದಿತ್ತು. ಆಫೀಸಿನಿಂದ ದಿನಕ್ಕೆರಡು ಸಲ ಫೋನು ಬರುತ್ತಿತ್ತು. ಪ್ರೀತಿ ಎಲ್ಲಿ ಮುಗಿದು ಟಾರ್ಗೆಟ್ ಎಲ್ಲಿ ಶುರುವಾಯಿತು ಎಂದು ಆವತ್ತಿನ ನನ್ನನ್ನು ಕೇಳಿದರೂ ಹೇಳುತ್ತಿರಲಿಲ್ಲವೇನೋ. ಐದು ವರ್ಷವಾಯಿತು, ಇನ್ನೂ ಹುಡುಕುತ್ತಲೇ ಇದ್ದೇನೆ.

ಆದರೆ ಒಂದು ಮಾತ್ರ ನನ್ನ ವಿರುದ್ಧ ಗಟ್ಟಿಯಾಗಿ ನಿಲ್ಲುತ್ತದೆ. ಮೂರು ವರ್ಷ ಕಳೆದು ಗುಲಾಬಿ ನಲವತ್ತಾರಕ್ಕೆ ಕಾಲಿಟ್ಟಾಗ ಕಂತು ಒಮ್ಮೆಲೇ ಜಿಗಿಯಿತು. ಮಂಜಪ್ಪ ಬಿಟ್ಟುಬಿಡೋಣ ಎಂದ. ಇಷ್ಟು ವರ್ಷ ಕಟ್ಟಿ ಒಂದು ಮಾತ್ರೆಯ ದುಡ್ಡೂ ಬಂದಿಲ್ಲವಲ್ಲ ಎಂಬುದು ಅವನ ವಾದ. ಗುಲಾಬಿ ನನ್ನನ್ನು ಕರೆಸಿ ಕೇಳಿದಳು. ನಾನು ಬಿಡಬೇಡ ಎಂದೆ. ಇನ್ನೆರಡು ವರ್ಷ ಹೇಗಾದರೂ ಕಟ್ಟು, ಆಮೇಲೆ ಚಿಂತೆಯಿಲ್ಲ ಎಂದೆ. ಯಾಕೆ ಎರಡು ವರ್ಷ ಎಂದು ಅವಳು ಕೇಳಲಿಲ್ಲ. ಸತತವಾಗಿ ಐದು ವರ್ಷ ಕಟ್ಟಿದವರ ಹಳೆಯ ಅರ್ಜಿಯನ್ನು ಕಂಪನಿಯವರು ಅಷ್ಟು ಸುಲಭವಾಗಿ ಕೆದಕುವ ಹಾಗಿಲ್ಲ — ಈ ನಿಯಮ ನನ್ನ ತಲೆಯಲ್ಲಿತ್ತು. ಅಂದರೆ ಆ ‘ಇಲ್ಲ’ ಮೂರು ವರ್ಷವೂ ನನ್ನ ತಲೆಯಲ್ಲಿತ್ತು. ಗುಲಾಬಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಕೊಳ್ಳಲು ಕೂಡಿಟ್ಟದ್ದನ್ನು ತೆಗೆದು ಕಂತು ಕಟ್ಟಿದಳು. ನನ್ನ ಗೆಳತಿ ಹೇಳಿದ್ದಾಳೆ ಎಂದು ಕಟ್ಟಿದಳು.

ನಾಲ್ಕನೇ ವರ್ಷ ಅವಳಿಗೆ ಸಾರಿನ ಖಾರ ತಡೆಯದಾಯಿತು. ಕೆನ್ನೆಯ ಒಳಗೆ ಬಿಳಿಯದೊಂದು ಕಲೆ, ಆಮೇಲೆ ಹುಣ್ಣು. ತೀರ್ಥಹಳ್ಳಿಯ ಹಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿದವರು ಕೂಡಲೆ ಶಿವಮೊಗ್ಗಕ್ಕೆ ಚೀಟಿ ಬರೆದರು. ಅಲ್ಲಿ ಎಷ್ಟು ವರ್ಷದಿಂದ ಹೊಗೆಸೊಪ್ಪು ಹಾಕುತ್ತೀರಿ ಎಂದು ಕೇಳಿದರಂತೆ. ಮದುವೆಯಾದಾಗಿನಿಂದ, ಇಪ್ಪತ್ತಮೂರು ವರ್ಷ ಎಂದಳಂತೆ ಗುಲಾಬಿ. ಅನುಮಾನಿಸದೆ, ನಾಚದೆ ಹೇಳಿದಳು. ಡಾಕ್ಟರು ಬರೆದುಕೊಂಡರು. ಆ ಹಾಳೆಯೇ ಕಂಪನಿಗೆ ಹೋಯಿತು, ಕಂಪನಿಯವರು ನನ್ನ ‘ಇಲ್ಲ’ವನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಆಸ್ಪತ್ರೆಯ ಬಿಲ್ಲಿಗೆ ಒಪ್ಪಿಗೆ ಕೊಡಲಾಗುವುದಿಲ್ಲ, ಬೇಕಾದರೆ ಮೊದಲು ಕಟ್ಟಿ ಆಮೇಲೆ ಅರ್ಜಿ ಹಾಕಿ ಎಂದು ಸಂದೇಶ ಬಂತು. ಕ್ಯಾನ್ಸರಿನ ಆಪರೇಷನ್ ಕಾಯುವಂಥದ್ದಲ್ಲ. ಮಂಜಪ್ಪ ಆಟೋ ಮಾರಿದ.

ನಾನು ಆಸ್ಪತ್ರೆಗೆ ಹೋದೆ. ಕಿತ್ತಳೆ ತಗೊಂಡು ಹೋಗಿದ್ದೆ, ತಿನ್ನಲಾಗದವಳಿಗೆ ಕಿತ್ತಳೆ. ಕಾರಿಡಾರಿನಲ್ಲಿ ಮಂಜಪ್ಪನ ಎದುರು ನಿಂತು ಕಂಪನಿಯವರನ್ನು ಬೈದೆ. ಈ ಕಂಪನಿಗಳೇ ಹೀಗೆ, ಕಟ್ಟಿಸಿಕೊಳ್ಳುವಾಗ ಅಣ್ಣ ಅಕ್ಕ, ಕೊಡುವಾಗ ನೀವು ಯಾರು ಎಂದೆ. ಈ ಮಾತಿನಲ್ಲೂ ನಿಜವಿಲ್ಲದಿಲ್ಲ. ಆದರೆ ಅದನ್ನು ಹೇಳಲು ನನಗೆ ಬಾಯಿತ್ತೇ? ಮಂಜಪ್ಪ ಕಣ್ಣು ಒರೆಸಿಕೊಂಡು, ನೀವೊಬ್ಬರಾದರೂ ಬಂದಿರಲ್ಲ ವಿಮಲಕ್ಕ ಎಂದ. ನಾನು ಕೆಟ್ಟವಳೆಂದು ಒಮ್ಮೆಯೂ ಅಂದುಕೊಂಡವಳಲ್ಲ. ಆ ಕಾರಿಡಾರಿನಲ್ಲೂ ಅಂದುಕೊಳ್ಳಲಿಲ್ಲ. ಅವನ ಬೆನ್ನು ಸವರಿದೆ.

ಆಪರೇಷನ್ ಆಯಿತು. ಕೆನ್ನೆಯ ಒಂದು ಭಾಗ ಹೋಯಿತು, ಮಾತು ತೊದಲಾಯಿತು. ಬಿಲ್ಲುಗಳನ್ನೆಲ್ಲ ಜೋಡಿಸಿ ಅರ್ಜಿ ಕಳಿಸಿದ ಮೇಲೆ ಕಂಪನಿಯ ಕಡೆಯಿಂದ ವಿಚಾರಣೆಗೆ ಒಬ್ಬರು ಬಂದರು. ಏಜೆಂಟ್ ಎಂದು ನನ್ನನ್ನೂ ಕರೆಸಿದ್ದರು. ಹುಂಚದ ಆ ಅಂಗಡಿಯಲ್ಲೇ ಕೂತೆವು. ಮಂಜಪ್ಪ ಬಾಡಿಗೆಗೆ ಯಾರದೋ ಗಾಡಿ ಓಡಿಸಲು ಹೋಗಿದ್ದ. ಬಂದವರು ಒಳ್ಳೆಯವರೇ, ದನಿ ಎತ್ತಲಿಲ್ಲ. ಅರ್ಜಿಯ ಪ್ರತಿ ತೆಗೆದು ಈ ಪ್ರಶ್ನೆಗೆ ಇಲ್ಲ ಎಂದು ಬರೆದಿದೆ, ಇದನ್ನು ತುಂಬಿದವರು ಯಾರು, ನಿಮ್ಮನ್ನು ಕೇಳಿ ತುಂಬಿದರೋ ಕೇಳದೆಯೋ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ನಾನು ಸೆರಗು ಸರಿಮಾಡಿಕೊಂಡೆ. ಹೇಳಬೇಕು ಎಂದುಕೊಂಡೆನೋ, ಹೇಳಬಾರದು ಎಂದುಕೊಂಡೆನೋ — ಎರಡೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಗುಲಾಬಿ ಕೆನ್ನೆಗೆ ಒತ್ತಿಕೊಂಡಿದ್ದ ಬಟ್ಟೆಯನ್ನು ತೆಗೆದಳು.

“ಅವಳು ಕೇಳಿದ್ಲು. ನಾನೇ ಇಲ್ಲ ಅಂದಿದ್ದೆ.”

ಎರಡು ಸಲ ಹೇಳಬೇಕಾಯಿತು, ಮೊದಲ ಸಲ ಅವರಿಗೆ ತಿಳಿಯಲಿಲ್ಲ. ಅವರು ಬರೆದರು, ಅವಳು ಸಹಿ ಹಾಕಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನನಗೆ ಆವತ್ತು ಅಂಥದ್ದೇ ಒಂದು ಹಗುರ. ಇದನ್ನು ಮುಚ್ಚಿಡುವುದಿಲ್ಲ, ಹಗುರವೇ ಆಯಿತು. ಒಂದು ತಿಂಗಳಲ್ಲಿ ಪತ್ರ ಬಂತು. ಸತ್ಯ ಮುಚ್ಚಿಟ್ಟದ್ದರಿಂದ ಹಣ ಕೊಡಲಾಗುವುದಿಲ್ಲ, ಪಾಲಿಸಿಯೂ ರದ್ದು ಎಂದು.

ಆ ಮನುಷ್ಯ ಹೋದ ಮೇಲೆ ನಾನು ಅವಳನ್ನು ಕೇಳಿದೆ, ಎಂತಕ್ಕೆ ಹಾಗೆ ಹೇಳಿದ್ಯೇ ಎಂದು. ಅವಳು ಮೆಷಿನ್ನಿನ ಚಕ್ರ ಹಿಡಿದುಕೊಂಡೇ ಹೇಳಿದಳು.

“ನೀನು ಕೇಳಿದ್ರೂ ನಾನು ಇಲ್ಲ ಅಂತಿದ್ದೆ ಕಣೇ. ಕವಳ ಹಾಕದು ಅವ್ರ ಲೆಕ್ಕಕ್ಕೆ ಬತ್ತದೆ ಅಂತ ನಂಗೆಲ್ಲಿ ಗೊತ್ತಿತ್ತು ಮಾರಾಯ್ತಿ.”

ಈ ಮಾತನ್ನು ನಾನು ತಿಂಗಳುಗಟ್ಟಲೆ ಎದೆಗೆ ಕಟ್ಟಿಕೊಂಡು ತಿರುಗಿದೆ. ಕೇಳಿದ್ದರೂ ಅವಳು ಇಲ್ಲ ಎನ್ನುತ್ತಿದ್ದಳು, ಹಾಗಾದರೆ ಕೇಳದೆ ಬರೆದದ್ದಕ್ಕೂ ಕೇಳಿ ಬರೆದದ್ದಕ್ಕೂ ಏನು ವ್ಯತ್ಯಾಸ? ಆದರೆ ಶಿವಮೊಗ್ಗದ ಡಾಕ್ಟರು ಕೇಳಿದಾಗ ಅವಳು ಇಲ್ಲ ಎನ್ನಲಿಲ್ಲವಲ್ಲ. ಕೇಳಿದ ಕೂಡಲೆ ವರ್ಷ ಸಮೇತ ಹೇಳಿದ್ದಳು. ಬಾಣಂತನದ ಸೊಂಟನೋವನ್ನೂ ನನಗೆ ಹೇಳಿದವಳು ಇದನ್ನೊಂದು ಮುಚ್ಚಿಡುತ್ತಿದ್ದಳೇ? ನನ್ನನ್ನು ಸಮಾಧಾನ ಮಾಡಲು ಹಾಗೆಂದಳೋ? ನನ್ನ ಕೆಲಸ ಹೋಗುತ್ತದೆ ಎಂದು ಕನಿಕರಿಸಿದಳೋ? ಅಥವಾ ಹದಿನೈದು ವರ್ಷದ ಗೆಳತಿ ಹೀಗೆ ಮಾಡಿದಳು ಎಂದು ಗಂಡನ ಎದುರು ಒಪ್ಪಿಕೊಳ್ಳುವುದಕ್ಕಿಂತ ತಾನೇ ಸುಳ್ಳಿಯಾಗುವುದು ಅವಳಿಗೆ ಸುಲಭವಾಯಿತೋ? ಕೇಳಬಹುದಿತ್ತು. ಕೇಳಿದರೆ ಉತ್ತರ ಬಂದೀತು ಎಂದು ಕೇಳಲಿಲ್ಲ.

ಮಂಜಪ್ಪ ಅವಳ ಮಾತನ್ನು ನಂಬಿದ. ನಂಬಿ ಅವಳ ಮೇಲೆ ಸಿಟ್ಟಾದ. ಹೊಡೆದು ಬೈದು ಮಾಡುವವನಲ್ಲ, ಆದರೆ ಊಟಕ್ಕೆ ಕೂತಾಗ ಒಂದೊಂದು ಮಾತು ಬಿಡುತ್ತಿದ್ದನಂತೆ. ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದರೆ ನನ್ನ ಗಾಡಿ ನನ್ನ ಅಂಗಳದಲ್ಲಿರುತ್ತಿತ್ತು ಎಂದು. ಊರಲ್ಲಿಯೂ ಅದೇ ಮಾತು. ಗುಲಾಬಿ ಸುಳ್ಳು ಬರೆಸಿ ಸಿಕ್ಕಿಬಿದ್ದಳು. ಬ್ಲೌಸು ಹೊಲಿಸಲು ಬಂದ ಹೆಂಗಸರೂ ಅನ್ನುತ್ತಿದ್ದರಂತೆ. ಅವಳು ಬಾಯಿ ಸರಿಯಿಲ್ಲದ್ದೇ ನೆಪವಾಗಿ ಉತ್ತರ ಕೊಡುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಕುತ್ತಿಗೆಯಲ್ಲಿ ಒಂದು ಗಂಟು ಸಿಕ್ಕಿತು. ಇನ್ನೊಂದು ಆಪರೇಷನ್, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು ಎಂದಿದ್ದಾರೆ. ಮಾರಲು ಈ ಸಲ ಆಟೋ ಇಲ್ಲ. ಹೊಸ ವಿಮೆ ಯಾರೂ ಕೊಡುವುದಿಲ್ಲ. ಮಂಜಪ್ಪ ಸಾಗರದಲ್ಲಿ ಒಬ್ಬ ವಕೀಲರನ್ನು ಕಂಡು, ನೇರ ನನ್ನ ಮನೆಗೆ ಬಂದ. ವಿಮೆಯ ದೂರು ಕೇಳುವ ಲೋಕಪಾಲರಿದ್ದಾರಂತೆ, ಕಂಪನಿಯ ಪತ್ರ ಬಂದ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕಂತೆ, ಇನ್ನು ಮೂರೇ ವಾರ ಉಳಿದಿದೆ. ಏಜೆಂಟ್ ಕೇಳದೆ ತುಂಬಿದ್ದಾರೆ ಎಂದಾಗಿದ್ದರೆ ಹಣಕ್ಕೆ ಸ್ವಲ್ಪ ದಾರಿ ಇತ್ತು ಎಂದರಂತೆ ವಕೀಲರು. ಅದನ್ನು ಅವನು ನನ್ನನ್ನು ಅನುಮಾನಿಸಿ ಹೇಳಲಿಲ್ಲ. ನೀವು ಕೇಳಿದ್ರಲ್ಲ, ಇವಳೇ ಇಲ್ಲ ಅಂದಿದ್ದಲ್ಲ, ಇನ್ನೆಂತ ಮಾಡದು ಎಂದು ಹೇಳಿ ಕಾಫಿ ಕುಡಿದು ಲೋಟ ಕೆಳಗಿಟ್ಟ. ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ. ಬೇರೇನೂ ಕೊಡಲಿಲ್ಲ. ಇದು ನನ್ನ ಎರಡನೆಯ ತಪ್ಪೋ ಮೂರನೆಯದೋ ಎಣಿಕೆ ತಪ್ಪಿದೆ.

ಆಮೇಲೆ ನಾಲ್ಕು ದಿನ ಯಾವ ಗಿರಾಕಿಯ ಮನೆಗೂ ಹೋಗಲಿಲ್ಲ. ಹೇಳಿದರೆ ಏಜೆನ್ಸಿ ಹೋಗುತ್ತದೆ, ಕೇಸೂ ಆಗಬಹುದು. ನನ್ನ ದುಡಿಮೆಯಲ್ಲೇ ಮನೆ ನಡೆಯುವುದು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಗೊಂದಲ — ನಾನು ಸತ್ಯ ಹೇಳಿದರೆ ಗುಲಾಬಿ ವಿಚಾರಣೆಯಲ್ಲಿ ಸಹಿ ಹಾಕಿ ಸುಳ್ಳು ಹೇಳಿದಳು ಎಂದಾಗುತ್ತದೆ. ಮೊದಲು ಅವಳನ್ನು ಸುಳ್ಳಿಯಾಗಿ ಮಾಡಿದ್ದೂ ನಾನೇ, ಈಗ ಮತ್ತೆ ಮಾಡುವುದೂ ನಾನೇ. ಇದು ಅವಳ ಚಿಂತೆಯೋ ನನ್ನ ಹೊಸ ನೆಪವೋ, ನನಗೆ ನಿಜಕ್ಕೂ ತಿಳಿಯಲಿಲ್ಲ. ತಿಳಿಯುವವರೆಗೆ ಕಾದರೆ ಮೂರು ವಾರ ಮುಗಿದು ಹೋಗುತ್ತಿತ್ತು. ಗೊಂದಲ ಹಾಗೇ ಇರಲಿ ಎಂದು ಐದನೇ ದಿನ ಸಾಗರದ ಬಸ್ಸು ಹತ್ತಿದೆ.

ವಕೀಲರು ಎಲ್ಲ ಕೇಳಿಸಿಕೊಂಡರು. ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ, ಗೆಲ್ಲುತ್ತೇವೆಂದು ಹೇಳಲಾರೆ, ಆದರೆ ಹಾಕೋಣ ಎಂದರು. ನನ್ನ ಹೇಳಿಕೆಯನ್ನು ಅವರೇ ಟೈಪ್ ಮಾಡಿಸಿದರು. ಅರ್ಜಿದಾರರನ್ನು ಕೇಳದೆ, ಕಣ್ತಪ್ಪಿನಿಂದ ‘ಇಲ್ಲ’ ಎಂದು ನಮೂದಿಸಿರುತ್ತೇನೆ. ಕಣ್ತಪ್ಪಿನಿಂದ ಎಂಬ ಪದ ನನಗೆ ರಕ್ಷಣೆ ಎಂದು ಬಿಡಿಸಿ ಹೇಳಿದರು. ಅದಿದ್ದರೆ ದಂಡವೋ ಎಚ್ಚರಿಕೆಯೋ ಆಗಿ ಮುಗಿದೀತು, ಅದಿಲ್ಲದಿದ್ದರೆ ನಿಮಗೆ ಕಷ್ಟ ಎಂದರು. ಮನೆಯಲ್ಲಿ ಓದಿ ನೋಡಿ, ಬೇಕಾದರೆ ತಿದ್ದಿ, ಸಹಿ ಮಾಡಿ ತನ್ನಿ ಎಂದು ಕೊಟ್ಟರು.

ಸಹಿ ಮಾಡುವ ಮೊದಲು ಅವರಿಬ್ಬರಿಗೂ ಓದಿ ಹೇಳಬೇಕು ಎನ್ನಿಸಿತು. ಹೋದ ಸೋಮವಾರ ಬೆಳಿಗ್ಗೆ ಹುಂಚಕ್ಕೆ ಹೋದೆ. ಮಂಜಪ್ಪನೂ ಅಂಗಡಿಯಲ್ಲೇ ಇದ್ದ. ನಿಂತುಕೊಂಡೇ ಓದಿದೆ. ಓದಿ ಮುಗಿಸಿದಾಗ ಮಂಜಪ್ಪ ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಒಂದು ವರ್ಷ ಊಟದ ಹೊತ್ತಿಗೆ ಅವಳಿಗೆ ಅಂದದ್ದೆಲ್ಲ ಅವನಿಗೆ ಒಟ್ಟಿಗೇ ನೆನಪಾಗಿರಬೇಕು. ಅವನ ಮುಖ ನೋಡಲಾಗಲಿಲ್ಲ ನನಗೆ. ಗುಲಾಬಿಗೆ ಸಿಟ್ಟು ಬಂದಿತ್ತು. ಅವಳ ಸಿಟ್ಟನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಈಗ ಎಂತಕ್ಕೆ ಹೇಳಿದೆ, ಹೇಳುವುದಿದ್ದರೆ ಆವತ್ತೇ ಹೇಳಬೇಕಿತ್ತು, ನಾನು ನಿನಗೋಸ್ಕರ ಇವರ ಹತ್ತಿರ ಅನ್ನಿಸಿಕೊಂಡದ್ದೆಲ್ಲ ನೀರಿಗೆ ಹಾಕಿದ ಹಾಗಾಯಿತು ಎಂದಳು. ತೊದಲು ಮಾತಿನಲ್ಲಿ, ಪದಕ್ಕೊಮ್ಮೆ ಬಾಯಿ ಒರೆಸಿಕೊಳ್ಳುತ್ತಾ ಹೇಳಿದಳು. 

ಮಂಜಪ್ಪ ಕಾಗದ ಇಸಿದುಕೊಂಡು ತಾನೇ ಓದಿದ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದ. ಒಂದು ಕಡೆ ಬೆರಳು ನಿಲ್ಲಿಸಿದ.

“ಕಣ್ತಪ್ಪು ಅಂತ ಬರ್ದಿದೆ. ಕಣ್ತಪ್ಪಾ ವಿಮಲಕ್ಕ?”

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದ. ಪ್ರೀತಿಗೋ, ಟಾರ್ಗೆಟ್ಟಿಗೋ, ನಾಚಿಕೆಗೋ — ಐದು ವರ್ಷ ನಾನು ಹುಡುಕಿದ ಕಾರಣಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅವನು ಕಾರಣ ಕೇಳಿರಲಿಲ್ಲ.

“ಗೊತ್ತಿತ್ತು,” ಎಂದೆ.

ಪೆನ್ನು ತೆಗೆದು ಆ ಪದವನ್ನು ಹೊಡೆದು ಹಾಕಿದೆ. ಅದರ ಮೇಲೆ ‘ಗೊತ್ತಿದ್ದೂ’ ಎಂದು ಬರೆದು, ಪಕ್ಕದಲ್ಲೊಂದು, ಕೆಳಗೊಂದು ಸಹಿ ಹಾಕಿದೆ. ಗುಲಾಬಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಸಾಗರದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕೂತ್ಕೊಳಿ ಎಂದು ಯಾರೂ ಅನ್ನಲಿಲ್ಲ. ಕಾಗದ ಮಡಿಸಿಕೊಂಡು ರಸ್ತೆಗೆ ಬಂದು ನಿಂತೆ.